ಡ್ಯೂಕ್ ಕಹನಮೊಕು

ಡ್ಯೂಕ್ ಪಾವೊವಾ ಕಹನಮೊಕು (24 ಆಗಸ್ಟ್ 1890 – 22 ಜನವರಿ 1968) ಹವಾಯಿ ದ್ವೀಪಸಮೂಹದ ಈಜುಗಾರ ಹಾಗೂ ಅಲೆಸವಾರ. ಕಡಲ ಅಲೆಯ ಮೇಲೆ ಮರದ ಹಲಗೆಯಲ್ಲಿ ನಿಂತು ದಡದತ್ತ ಜಾರಿ ಬರುವುದು ಹವಾಯಿ ಜನರ ಪ್ರಾಚೀನ ಕಲೆ. ಇಂದು ಅದು ಸರ್ಫಿಂಗ್ ಎಂಬ ಹೆಸರಿನಿಂದ ಜಗತ್ತಿನ ಬಹುತೇಕ ಕರಾವಳಿಗಳಿಗೆ ಹಬ್ಬಿದೆ. ಹಾಗೆ ಹಬ್ಬಿಸಿದವರಲ್ಲಿ ಕಹನಮೊಕು ಅಗ್ರಗಣ್ಯರು. ಆಧುನಿಕ ಸರ್ಫಿಂಗ್‌ನ ಪಿತಾಮಹರೆಂದು ಇವರನ್ನು ಕರೆಯುವುದು ವಾಡಿಕೆಯಾಗಿದೆ. 1912, 1920 ಮತ್ತು 1924ರ ಒಲಿಂಪಿಕ್ ಕ್ರೀಡಾಕೂಟಗಳ ಈಜು ಸ್ಪರ್ಧೆಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪರವಾಗಿ ಒಟ್ಟು 3 ಚಿನ್ನ ಮತ್ತು 2 ಬೆಳ್ಳಿಯ ಪದಕಗಳನ್ನು ಗಳಿಸಿದರು. 1925ರಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ ದೋಣಿಯೊಂದು ಮಗುಚಿದಾಗ ತಮ್ಮ ಹಲಗೆಯ ನೆರವಿನಿಂದ 8 ಮಂದಿಯ ಪ್ರಾಣ ಉಳಿಸಿದರು.

ಹೆಸರು ಮತ್ತು ಮನೆತನ

ಡ್ಯೂಕ್ ಎಂಬುದು ಇಂಗ್ಲೆಂಡಿನ ಶ್ರೀಮಂತ ವರ್ಗದ ಬಿರುದಾದ್ದರಿಂದ ಇವರು ರಾಜವಂಶದವರೆಂದು ಅನೇಕರು ತಪ್ಪಾಗಿ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಬಿರುದಲ್ಲ, ಇಟ್ಟ ಹೆಸರು. 1869ರಲ್ಲಿ ಬ್ರಿಟನ್ನಿನ ರಾಜಕುಮಾರ, ಎಡಿನ್‌ಬರೋದ ಡ್ಯೂಕ್ ಆಲ್ಫ್ರೆಡ್ ಹವಾಯಿಗೆ ಭೇಟಿ ನೀಡಿದ್ದರು. ಆ ಸಂದರ್ಭದಲ್ಲಿ ಜನಿಸಿದ ಒಂದು ಗಂಡು ಮಗುವಿಗೆ ಅದರ ನೆನಪಿಗಾಗಿ ಡ್ಯೂಕ್ ಎಂದು ನಾಮಕರಣ ಮಾಡಲಾಯಿತು. ಆ ಮಗುವೇ ನಮ್ಮ ಚರಿತ್ರನಾಯಕರ ತಂದೆ. ಹಿರಿಯ ಮಗನಿಗೆ ತಂದೆಯ ಹೆಸರೇ ಬಂದಿತು. ಮನೆತನಕ್ಕೆ ಹವಾಯಿಯ ಅರಸರ ಪರಿವಾರದೊಡನೆ ಸಂಬಂಧವಿತ್ತಾದರೂ ಐಶ್ವರ್ಯವಿರಲಿಲ್ಲ. ತಂದೆ ಹೊನೊಲುಲು ನಗರದ ಪೊಲೀಸ್ ಇಲಾಖೆಯಲ್ಲಿ ನೌಕರರಾಗಿದ್ದರು. ತಾಯಿ ಜೂಲಿಯಾ ಪಾವೊವಾ. ಐವರು ತಮ್ಮಂದಿರು, ಮೂವರು ತಂಗಿಯರು. ಒಟ್ಟು 9 ಮಕ್ಕಳಲ್ಲಿ ಡ್ಯೂಕ್ ಹಿರಿಯರು.

ಇವರು ಹುಟ್ಟಿದಾಗ ಹವಾಯಿ ಸ್ವತಂತ್ರ ರಾಜ್ಯವಾಗಿತ್ತು. ಮೂರನೆಯ ವಯಸ್ಸಿಗೆ ಕಾಲಿಡುವ ಮೊದಲೇ, 1893ರ ಜನವರಿಯಲ್ಲಿ, ಸಕ್ಕರೆ ತೋಟಗಳ ಹಿತಾಸಕ್ತಿಯಿದ್ದ ಬಿಳಿಯ ವರ್ತಕರು ಮತ್ತವರ ಬೆಂಬಲಿಗರು ರಾಣಿ ಲಿಲಿಯುಕಲಾನಿಯನ್ನು ಪದಚ್ಯುತಗೊಳಿಸಿದರು. 1898ರಲ್ಲಿ ಅಮೆರಿಕವು ದ್ವೀಪಗಳನ್ನು ತನ್ನಲ್ಲಿ ಸೇರಿಸಿಕೊಂಡಿತು. ಮುಂದೆ ಅಮೆರಿಕದ ಧ್ವಜದಡಿ ಪದಕ ಗೆದ್ದ ಈ ವ್ಯಕ್ತಿ ಹುಟ್ಟಿನಿಂದ ಇನ್ನೊಂದು ರಾಜ್ಯದ ಪ್ರಜೆಯಾಗಿದ್ದರೆಂಬುದನ್ನು ಓದುಗರು ಮರೆಯಬಾರದು. ಇವರ ಬದುಕಿನ ಅನೇಕ ಸಂಗತಿಗಳು ಅದರಿಂದಲೇ ಅರ್ಥವಾಗುತ್ತವೆ.

ಬಾಲ್ಯ

1893ರ ಸುಮಾರಿಗೆ ಕುಟುಂಬವು ಒವಾಹು ದ್ವೀಪದ ವೈಕಿಕಿ ತೀರಕ್ಕೆ, ತಾಯಿಯ ತವರಿನವರ ನೆರೆಗೆ ಬಂದು ನೆಲೆಸಿತು. ಇಂದು ಗಗನಚುಂಬಿ ಹೋಟೆಲುಗಳಿಂದ ತುಂಬಿರುವ ವೈಕಿಕಿ ಅಂದು ಕೆಸುವಿನ ಗದ್ದೆ, ಭತ್ತದ ಗದ್ದೆ ಮತ್ತು ಮೀನಿನ ಕೊಳಗಳ ಜೌಗು ನೆಲ. 1920ರ ದಶಕದಲ್ಲಿ ಅಲಾ ವಾಯ್ ಕಾಲುವೆಯನ್ನು ತೋಡಿ ನೀರನ್ನು ಹರಿಯಬಿಟ್ಟ ಮೇಲೆಯೇ ಅದು ಕಟ್ಟಡಗಳ ನೆಲವಾದದ್ದು. ಕಾಲುವೆ ಬಂದರೆ ಒಣನೆಲ ಗದ್ದೆಯಾಗುವುದನ್ನು ಕಂಡ ಶಹಾಪುರ, ಸುರಪುರದ ಕಡೆಯವರಿಗೆ, ಕಾಲುವೆ ಬಂದು ಗದ್ದೆಗಳು ಅಳಿದ ಈ ಕಥೆ ವಿಚಿತ್ರವೆನಿಸಬಹುದು.

ಮನೆಯ ಊಟ ಗದ್ದೆಯ ಕೆಸು ಮತ್ತು ಕಡಲಿನ ಮೀನು. ಮಕ್ಕಳೆಲ್ಲ ನಡಿಗೆಯೊಂದಿಗೇ ಈಜು ಕಲಿತರು. ಡ್ಯೂಕ್ ವೈಕಿಕಿಯ ಪ್ರಾಥಮಿಕ ಶಾಲೆಯಲ್ಲಿಯೂ ಅನಂತರ ಕಮೆಹಮೆಹಾ ಶಾಲೆಯಲ್ಲಿಯೂ ಓದಿದರು. ಆದರೆ ದೊಡ್ಡ ಸಂಸಾರದ ಹೊರೆಗೆ ಹೆಗಲು ಕೊಡಬೇಕಾಗಿ ಬಂದುದರಿಂದ ಶಾಲಾ ಶಿಕ್ಷಣವನ್ನು ಪೂರ್ಣಗೊಳಿಸಲಾಗಲಿಲ್ಲ. ಪ್ರವಾಸಿಗರಿಗೆ ಅಲೆಸವಾರಿ ಕಲಿಸುವುದು, ಅವರನ್ನು ದೋಣಿಯಲ್ಲಿ ಕರೆದೊಯ್ಯುವುದು ಮುಂತಾದ ಕೆಲಸಗಳಿಂದ ಬದುಕುತ್ತಿದ್ದ ಕಡಲತಡಿಯ ಹುಡುಗರ ಬಳಗದಲ್ಲಿ ಇವರೂ ಒಬ್ಬರಾದರು.

ಅಳಿವಿನಂಚಿನಲ್ಲಿದ್ದ ಕಲೆ

ಹವಾಯಿ ಭಾಷೆಯಲ್ಲಿ ಅಲೆಸವಾರಿಗೆ ಹೆಎ ನಲು ಎಂದು ಹೆಸರು. ಅಲೆಯ ಮೇಲೆ ಜಾರುವುದು ಎಂದು ಅರ್ಥ. ಅರಸರು, ಸಾಮಾನ್ಯರು, ಗಂಡಸರು, ಹೆಂಗಸರು ಎಲ್ಲರೂ ಇದರಲ್ಲಿ ಪಾಲುಗೊಳ್ಳುತ್ತಿದ್ದರು. ಓಲೊ ಎಂಬ ಅತಿ ಉದ್ದದ ಹಲಗೆ ಮಾತ್ರ ಅರಸು ಮನೆತನದವರಿಗೆ ಮೀಸಲು. ಹಲಗೆಗಾಗಿ ಮರ ಕಡಿಯುವಾಗಲೂ ಹಲಗೆಯನ್ನು ಮೊದಲು ನೀರಿಗಿಳಿಸುವಾಗಲೂ ವಿಧಿಗಳಿದ್ದವು.

1778ರಲ್ಲಿ ಕ್ಯಾಪ್ಟನ್ ಕುಕ್ ಅವರ ಹಡಗುಗಳು ಬಂದ ಮೇಲೆ ಹೊರಗಿನ ರೋಗಗಳು ದ್ವೀಪಗಳನ್ನು ಹೊಕ್ಕವು. ಅವುಗಳಿಗೆ ಪ್ರತಿರೋಧ ಶಕ್ತಿಯಿಲ್ಲದ ಮೂಲನಿವಾಸಿಗಳು ಒಂದು ಶತಮಾನದೊಳಗೆ ತಮ್ಮ ಸಂಖ್ಯೆಯ ಬಹುಪಾಲನ್ನು ಕಳೆದುಕೊಂಡರು. 1820ರಿಂದ ಬಂದ ಕ್ರೈಸ್ತ ಪಾದ್ರಿಗಳು ಅಲೆಸವಾರಿಯನ್ನು ಕಾಲಹರಣವೆಂದೂ ಅದರ ಜೊತೆಗಿದ್ದ ಪಣ ಕಟ್ಟುವಿಕೆ ಮತ್ತು ಅರೆನಗ್ನತೆಯನ್ನು ದೋಷವೆಂದೂ ಕಂಡರು. ಕಲೆ ಕ್ಷೀಣಿಸಿದ್ದಕ್ಕೆ ಪಾದ್ರಿಗಳನ್ನಷ್ಟೇ ದೂರುವುದು ರೂಢಿ. ಆದರೆ ಆಡುವ ಜನರೇ ಸತ್ತುಹೋದದ್ದು ಹೆಚ್ಚಿನ ಕಾರಣವೆಂದು ತೋರುತ್ತದೆ. ಹೇಗಿದ್ದರೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲೆಸವಾರರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಕಲೆ ಮತ್ತೆ ಚಿಗುರಿದ್ದು ಮುಖ್ಯವಾಗಿ ವೈಕಿಕಿಯಲ್ಲಿ, ಡ್ಯೂಕ್ ಹುಡುಗನಾಗಿದ್ದ ಕಾಲದಲ್ಲಿ.

1908ರಲ್ಲಿ ವೈಕಿಕಿಯಲ್ಲಿ ಔಟ್‌ರಿಗರ್ ಕೆನೂ ಕ್ಲಬ್ ಸ್ಥಾಪನೆಯಾಯಿತು. ಅದರ ಸದಸ್ಯರಲ್ಲಿ ಬಿಳಿಯರೇ ಹೆಚ್ಚು. ಕೆಲವೇ ಕಾಲದಲ್ಲಿ ಡ್ಯೂಕ್ ಮತ್ತು ಗೆಳೆಯರು ತಮ್ಮದೇ ಬಳಗ ಕಟ್ಟಿಕೊಂಡು ಅದಕ್ಕೆ ಹುಯಿ ನಲು, ಅಂದರೆ ಅಲೆಗಳ ಸಂಘ, ಎಂದು ಹೆಸರಿಟ್ಟರು. 1911ರಲ್ಲಿ ಅದು ವಿಧ್ಯುಕ್ತ ಸಂಸ್ಥೆಯಾಯಿತು. ಮೊವಾನಾ ಹೋಟೆಲಿನ ಬಳಿಯ ಮರವೊಂದರ ನೆರಳು ಇವರ ಸಭಾಸ್ಥಾನ. 1917ರಲ್ಲಿ ಡ್ಯೂಕ್ ಔಟ್‌ರಿಗರ್ ಕ್ಲಬ್ಬಿಗೂ ಸೇರಿದರು.

ಅಲೆ, ಹಲಗೆ ಮತ್ತು ಋತುಗಳು

ಕಡಲನ್ನು ಕಾಣದ ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಅಲೆಯ ಸ್ವರೂಪವನ್ನು ಇಲ್ಲಿ ತುಸು ವಿವರಿಸುವುದು ಅಗತ್ಯ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ತೂಬು ಎತ್ತಿದಾಗ ನೀರೇ ಮುಂದಕ್ಕೆ ಹರಿಯುತ್ತದೆ. ಆಳ ಕಡಲಿನ ಅಲೆ ಹಾಗಲ್ಲ. ಅಲ್ಲಿ ನೀರು ಬಹುತೇಕ ಇದ್ದಲ್ಲಿಯೇ ಮೇಲೆ ಕೆಳಗೆ ಸುತ್ತುತ್ತದೆ. ಮುಂದೆ ಸಾಗುವುದು ಅಲೆಯ ಆಕಾರ ಮತ್ತು ಅದರಲ್ಲಿರುವ ಶಕ್ತಿ. ಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ತೆನೆಗಳು ನಿಂತಲ್ಲೇ ಬಾಗಿ ಏಳುತ್ತವೆ, ಅಲೆ ಮಾತ್ರ ಹೊಲದ ಆ ತುದಿಗೆ ಓಡುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲವಾದರೂ ಕಲ್ಪನೆಗೆ ಸಾಕು. ದಡದ ಬಳಿ ಕಡಲಿನ ಆಳ ಕಡಿಮೆಯಾದಂತೆ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಎತ್ತರವಾಗಿ ಮುಂದಕ್ಕೆ ಬಾಗಿ ಮುರಿಯುತ್ತದೆ. ಮುರಿಯುವ ಸ್ವಲ್ಪ ಮೊದಲು, ಆ ಇಳಿಜಾರಿನ ಮೇಲೆ, ಸವಾರನು ಕೈಗಳಿಂದ ನೀರು ಒತ್ತಿ ವೇಗ ಪಡೆದು ಹಲಗೆಯ ಮೇಲೆ ಎದ್ದು ನಿಲ್ಲುತ್ತಾನೆ. ಒಂದು ಕ್ಷಣ ಮೊದಲಾದರೆ ಅಲೆ ಅವನನ್ನು ಬಿಟ್ಟು ಮುಂದೆ ಹೋಗುತ್ತದೆ. ಒಂದು ಕ್ಷಣ ತಡವಾದರೆ ತಲೆಯ ಮೇಲೆ ಬೀಳುತ್ತದೆ.

ಹವಾಯಿಯ ಕಡಲಿಗೆ ಎರಡು ಋತುಗಳು. ನವೆಂಬರಿನಿಂದ ಫೆಬ್ರವರಿಯವರೆಗೆ ಉತ್ತರ ಪೆಸಿಫಿಕ್‌ನ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಒವಾಹುವಿನ ಉತ್ತರ ತೀರಕ್ಕೆ ಅಪ್ಪಳಿಸುತ್ತವೆ. ದೊಡ್ಡ ದಿನಗಳಲ್ಲಿ ಅವುಗಳ ಎತ್ತರ ಹತ್ತು ಮೀಟರನ್ನು ಮುಟ್ಟುವುದುಂಟು. ಆಗ ದಕ್ಷಿಣ ತೀರದ ವೈಕಿಕಿ ಬಹುಮಟ್ಟಿಗೆ ಶಾಂತ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಇದು ತಿರುವುಮುರುವು: ಭೂಮಿಯ ದಕ್ಷಿಣಾರ್ಧದಲ್ಲಿ ಚಳಿಗಾಲ ನಡೆಯುವಾಗ ನ್ಯೂಜಿಲೆಂಡ್ ಕಡೆಯ ಬಿರುಗಾಳಿಗಳಿಂದ ಹುಟ್ಟಿದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಸುಮಾರು ಒಂದು ವಾರದ ಬಳಿಕ ವೈಕಿಕಿಗೆ ಬಂದು ಸೇರುತ್ತವೆ. ಆದ್ದರಿಂದ ಡ್ಯೂಕ್ ಅವರ ವರ್ಷದಲ್ಲಿ ಸವಾರಿಯ ಸುಗ್ಗಿ ಬೇಸಿಗೆಯಲ್ಲಿ. ಉತ್ತರ ತೀರದ ಚಳಿಗಾಲದ ಭಾರೀ ಅಲೆಗಳ ಮೇಲೆ ಸವಾರಿ ವಾಡಿಕೆಯಾದದ್ದು ಅವರ ಮಧ್ಯವಯಸ್ಸು ಕಳೆದ ಮೇಲೆ, ಹಗುರವಾದ ಹಲಗೆಗಳು ಬಂದ ಕಾಲದಲ್ಲಿ.

ಅವರ ಮೆಚ್ಚಿನ ಹಲಗೆ ಹಳೆಯ ಓಲೊ ಮಾದರಿಯದು. ಕೋವಾ ಎಂಬ ಸ್ಥಳೀಯ ಗಟ್ಟಿಮರದಿಂದ ಮಾಡಿದ ಅದರ ಉದ್ದ 16 ಅಡಿ, ತೂಕ 114 ಪೌಂಡು, ಅಂದರೆ ಸುಮಾರು 52 ಕಿಲೋ. ಒಂದು ಗೊಬ್ಬರದ ಮೂಟೆಯಷ್ಟು ಭಾರದ ಈ ಮರವನ್ನು ಹೊತ್ತು ಮರಳು ದಾಟಿ ನೀರಿಗಿಳಿಯುವುದೇ ಒಂದು ಸಾಹಸ. ಹಲಗೆಯ ಅಡಿಗೆ ದಿಕ್ಕು ಹಿಡಿಯುವ ರೆಕ್ಕೆ ಇರಲಿಲ್ಲ. ಅದನ್ನು 1935ರಲ್ಲಿ ಮೊದಲು ಅಳವಡಿಸಿದವರು ಡ್ಯೂಕ್ ಅವರ ಕಿರಿಯ ಮಿತ್ರ ಟಾಮ್ ಬ್ಲೇಕ್. ಅಲ್ಲಿಯವರೆಗೆ ಹಿಂಗಾಲನ್ನು ನೀರಿಗೆ ಇಳಿಬಿಟ್ಟು, ಮೈಭಾರವನ್ನು ಓರೆ ಮಾಡಿ ಹಲಗೆಯನ್ನು ತಿರುಗಿಸಬೇಕಿತ್ತು. ಕಾಲಿಗೆ ಕಟ್ಟುವ ಹಗ್ಗವೂ ಇರಲಿಲ್ಲ. ಬಿದ್ದರೆ ಹಲಗೆ ಅಲೆಯೊಡನೆ ದಡಕ್ಕೆ ಹೋಗುತ್ತಿತ್ತು, ಸವಾರ ಈಜಿ ಹೋಗಬೇಕಿತ್ತು. ದಾರಿಯಲ್ಲಿ ಯಾರಿಗಾದರೂ ಆ ಮರ ಬಡಿದರೆ ಎಲುಬು ಮುರಿಯುವುದು ಖಚಿತ.

ಅಪಾಯಗಳು ಅಷ್ಟಕ್ಕೇ ಮುಗಿಯುವುದಿಲ್ಲ. ವೈಕಿಕಿಯ ಅಲೆಗಳು ಮುರಿಯುವುದು ಹವಳದ ದಿಬ್ಬಗಳ ಮೇಲೆ. ಹವಳ ಗೀರಿದ ಗಾಯ ಬೇಗ ಮಾಯುವುದಿಲ್ಲ. ದಡಕ್ಕೆ ಬಂದು ಬಿದ್ದ ನೀರು ಒಂದು ಕಿರಿದಾದ ಓಣಿಯಲ್ಲಿ ಕಡಲಿಗೆ ಹಿಂದಿರುಗುವಾಗ ಬಲವಾದ ಸೆಳೆತ ಉಂಟಾಗುತ್ತದೆ. ಈಜು ಬಲ್ಲವರೂ ಅದಕ್ಕೆದುರಾಗಿ ಈಜಿ ದಣಿದು ಮುಳುಗುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬರಬೇಕು. ಶಾಲಾ ಪ್ರವಾಸಕ್ಕೆಂದು ಕರಾವಳಿಗೆ ಹೋಗುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡುವುದು ಒಳಿತು. ಕಡಲತಡಿಯ ಹುಡುಗರು ಇದೇ ಸೆಳೆತವನ್ನು ಆಳಕ್ಕೆ ಹೋಗುವ ದಾರಿಯಾಗಿ ಬಳಸುತ್ತಿದ್ದರು ಎಂಬುದು ಅವರ ಅನುಭವದ ಮಟ್ಟವನ್ನು ತೋರಿಸುತ್ತದೆ.

1917ರಲ್ಲಿ ವೈಕಿಕಿಯ ಹೊರ ಅಂಚಿನ ದೊಡ್ಡ ಅಲೆಯೊಂದನ್ನು ಹಿಡಿದ ಡ್ಯೂಕ್ ಒಂದು ಮೈಲಿಗೂ ಹೆಚ್ಚು ದೂರ ಅದರ ಮೇಲೆ ನಿಂತು ಬಂದರೆಂದು ಪ್ರಸಿದ್ಧಿಯಿದೆ.

1911ರ ದಾಖಲೆ ಮತ್ತು ವಿವಾದ

1911ರ ಆಗಸ್ಟಿನಲ್ಲಿ ಹೊನೊಲುಲು ಬಂದರಿನ ಉಪ್ಪುನೀರಿನಲ್ಲಿ ಹವ್ಯಾಸಿ ಈಜುಗಾರರ ಸ್ಪರ್ಧೆ ನಡೆಯಿತು. ಅದರಲ್ಲಿ ಡ್ಯೂಕ್ 100 ಗಜದ ದೂರವನ್ನು 55.4 ಸೆಕೆಂಡುಗಳಲ್ಲಿ ಕ್ರಮಿಸಿದರು. ಅಂದಿನ ದಾಖಲೆಗಿಂತ ಇದು 4.6 ಸೆಕೆಂಡು ಕಡಿಮೆ. ಈಜಿನಲ್ಲಿ ದಾಖಲೆಗಳು ಸೆಕೆಂಡಿನ ಭಾಗಗಳಲ್ಲಿ ಬದಲಾಗುವಾಗ ಇಂಥ ಅಂತರ ನಂಬಲಸಾಧ್ಯವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಹವ್ಯಾಸಿ ಕ್ರೀಡಾ ಒಕ್ಕೂಟವು ಈ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ತೀರ್ಪುಗಾರರು ಸ್ಟಾಪ್‌ವಾಚಿನ ಬದಲು ಅಲಾರಂ ಗಡಿಯಾರ ಬಳಸಿರಬೇಕೆಂಬ ಕುಹಕವೂ ಬಂತು. ಬಂದರಿನ ನೀರಿನ ಹರಿವು ನೆರವಾಗಿರಬೇಕೆಂಬ ವಾದವೂ ಬಂತು. ಹಲವು ವರ್ಷಗಳ ಬಳಿಕವಷ್ಟೇ ಆ ಸಾಧನೆಗೆ ಮನ್ನಣೆ ದೊರೆಯಿತು.

ದೂರದ ದ್ವೀಪವೊಂದರ ಕಂದುಬಣ್ಣದ ಯುವಕ, ಈಜುಕೊಳದ ತರಬೇತಿಯಿಲ್ಲದವನು, ಇಂಥ ವೇಗ ಸಾಧಿಸಿದನೆಂದು ಒಪ್ಪಲು ಮುಖ್ಯನಾಡಿನವರಿಗೆ ಮನಸ್ಸಾಗಲಿಲ್ಲವೆಂದು ಹೇಳದೆ ವಿಧಿಯಿಲ್ಲ. ಹೊನೊಲುಲು ನಗರದ ಜನರು ಹಣ ಕೂಡಿಸಿ ಅವರನ್ನು ಅಮೆರಿಕದ ಆಯ್ಕೆ ಸ್ಪರ್ಧೆಗಳಿಗೆ ಕಳುಹಿಸಿದರು. ಕೊಳದ ತಣ್ಣನೆಯ ಸಿಹಿನೀರು, ಗೋಡೆಗೆ ಕಾಲೊತ್ತಿ ತಿರುಗುವ ಕ್ರಮ ಎರಡೂ ಅವರಿಗೆ ಹೊಸದು. ಅವನ್ನೂ ಕಲಿತು ಒಲಿಂಪಿಕ್ ತಂಡಕ್ಕೆ ಆಯ್ಕೆಯಾದರು. ಅವರ ಬಲವಿದ್ದದ್ದು ಕಾಲುಗಳ ಬಡಿತದಲ್ಲಿ. ಮಂಡಿಯನ್ನು ಹೆಚ್ಚು ಮಡಚದೆ ಪಾದಗಳನ್ನು ಬಿಡುವಿಲ್ಲದೆ ಬಡಿಯುವ ಆ ಕ್ರಮಕ್ಕೆ ಕೆಲಕಾಲ ಅವರ ಹೆಸರೇ ಅಂಟಿಕೊಂಡಿತ್ತು.

ಒಲಿಂಪಿಕ್ ಕ್ರೀಡಾಕೂಟಗಳು

1912ರ ಸ್ಟಾಕ್‌ಹೋಮ್ ಕೂಟದಲ್ಲಿ ಈಜು ನಡೆದದ್ದು ಕಟ್ಟಿದ ಕೊಳದಲ್ಲಲ್ಲ, ಕಡಲಿನ ಒಂದು ಹಿನ್ನೀರಿನಲ್ಲಿ. 100 ಮೀಟರ್ ಮುಕ್ತ ಶೈಲಿಯ ಅರೆ ಅಂತಿಮ ಸುತ್ತಿಗೆ ಅಮೆರಿಕದ ಈಜುಗಾರರು ತಪ್ಪು ತಿಳಿವಳಿಕೆಯಿಂದ ಹಾಜರಾಗಲಿಲ್ಲ. ನಿಯಮದಂತೆ ಅವರು ಹೊರಬೀಳಬೇಕಿತ್ತು. ಡ್ಯೂಕ್ ಇಲ್ಲದ ಗೆಲುವು ಗೆಲುವಲ್ಲವೆಂಬ ನಿಲುವು ತಾಳಿ ಅವರಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಒತ್ತಾಯಿಸಿದವರು ಅವರ ಪ್ರತಿಸ್ಪರ್ಧಿ, ಆಸ್ಟ್ರೇಲಿಯಾದ ಸೆಸಿಲ್ ಹೀಲಿ ಎಂದು ಆ ದೇಶದ ಕ್ರೀಡಾ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ವಿಶೇಷ ಸುತ್ತೊಂದನ್ನು ಏರ್ಪಡಿಸಲಾಯಿತು. ಅಂತಿಮ ಸ್ಪರ್ಧೆಯಲ್ಲಿ ಡ್ಯೂಕ್ 1 ನಿಮಿಷ 3.4 ಸೆಕೆಂಡಿನಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಹೀಲಿ ಬೆಳ್ಳಿ ಪಡೆದರು. ಸೋಲುವ ಸಂಭವವನ್ನು ತಾವಾಗಿ ಬರಮಾಡಿಕೊಂಡ ಹೀಲಿಯವರು ಆರು ವರ್ಷಗಳ ಅನಂತರ, 1918ರ ಆಗಸ್ಟಿನಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಮಡಿದರು. 4×200 ಮೀಟರ್ ರಿಲೇಯಲ್ಲಿ ಡ್ಯೂಕ್ ಅವರಿದ್ದ ತಂಡಕ್ಕೆ ಬೆಳ್ಳಿ ಲಭಿಸಿತು. ಸರ್ಫಿಂಗ್ ಅನ್ನು ಒಲಿಂಪಿಕ್‌ಗೆ ಸೇರಿಸಬೇಕೆಂಬ ಆಶಯವನ್ನು ಅವರು ವ್ಯಕ್ತಪಡಿಸಲಾರಂಭಿಸಿದ್ದು ಈ ಕಾಲದಿಂದ.

1916ರ ಬರ್ಲಿನ್ ಕೂಟ ಮೊದಲ ಮಹಾಯುದ್ಧದ ಕಾರಣ ರದ್ದಾಯಿತು. ಈಜುಗಾರನೊಬ್ಬನ ಅತ್ಯುತ್ತಮ ವಯಸ್ಸಾದ ಇಪ್ಪತ್ತೈದು ಇಪ್ಪತ್ತಾರು ಹೀಗೆ ಕೈಬಿಟ್ಟುಹೋದವು. 1920ರ ಆಂಟ್‌ವರ್ಪ್ ಕೂಟದಲ್ಲಿ ಆಗಸ್ಟ್ 24ರಂದು, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ದಿನ, 100 ಮೀಟರನ್ನು 1 ನಿಮಿಷ 0.4 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಸ್ಥಾಪಿಸಿದರು. ಆಸ್ಟ್ರೇಲಿಯಾದ ಈಜುಗಾರರೊಬ್ಬರು ತಮಗೆ ಅಡ್ಡಿಯಾಯಿತೆಂದು ದೂರಿದ್ದರಿಂದ ಅಂತಿಮ ಸ್ಪರ್ಧೆಯನ್ನೇ ಮತ್ತೊಮ್ಮೆ ನಡೆಸಲಾಯಿತು. ಎರಡನೆಯ ಸಲವೂ ಡ್ಯೂಕ್ ಅವರೇ ಗೆದ್ದರು. ರಿಲೇಯಲ್ಲಿಯೂ ಚಿನ್ನ ಬಂದಿತು. 1924ರ ಪ್ಯಾರಿಸ್ ಕೂಟದಲ್ಲಿ ಇಪ್ಪತ್ತರ ಹರೆಯದ ಜಾನಿ ವೈಸ್‌ಮುಲ್ಲರ್ ಮೊದಲಿಗರಾದರು. ಮುಂದೆ ಚಲನಚಿತ್ರಗಳಲ್ಲಿ ಟಾರ್ಜನ್ ಆಗಿ ಹೆಸರಾದವರು ಇವರೇ. ಮೂವತ್ತನಾಲ್ಕರ ಸಮೀಪದಲ್ಲಿದ್ದ ಡ್ಯೂಕ್ ಎರಡನೆಯವರಾದರು. ಮೂರನೆಯವರಾಗಿ ಬಂದದ್ದು ಅವರ ಸ್ವಂತ ತಮ್ಮ ಸ್ಯಾಮ್ ಕಹನಮೊಕು.

ಆಸ್ಟ್ರೇಲಿಯಾ ಪ್ರವಾಸ

1914ರ ಕೊನೆಯಲ್ಲಿ ಈಜು ಪ್ರದರ್ಶನಗಳಿಗಾಗಿ ಡ್ಯೂಕ್ ಆಸ್ಟ್ರೇಲಿಯಾಕ್ಕೆ ಹೋದರು. ಹಲಗೆಯನ್ನು ಜೊತೆಗೆ ಒಯ್ದಿರಲಿಲ್ಲ. ಸಿಡ್ನಿಯಲ್ಲಿ ಪೈನ್ ಜಾತಿಯ ಮರವನ್ನು ತರಿಸಿ ಹಲಗೆ ಸಿದ್ಧಪಡಿಸಿದರು. ನಗರದ ಉತ್ತರಕ್ಕಿರುವ ಫ್ರೆಶ್‌ವಾಟರ್ ತೀರದಲ್ಲಿ ಸಾರ್ವಜನಿಕರ ಮುಂದೆ ಅದರ ಮೇಲೆ ಸವಾರಿ ಮಾಡಿ ತೋರಿಸಿದರು. 1915ರ ಆರಂಭದ ಪ್ರದರ್ಶನಗಳಲ್ಲಿ ಇಸಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಸ್ಥಳೀಯ ಹುಡುಗಿಯನ್ನು ತಮ್ಮ ಹಲಗೆಯ ಮೇಲೆ ನಿಲ್ಲಿಸಿಕೊಂಡು ಅಲೆ ಇಳಿದರು. ಮೊದಲ ಅಲೆಗಳಲ್ಲಿ ಆಕೆ ಭಯದಿಂದ ಹಿಂಜರಿದಾಗ ಕತ್ತಿನ ಪಟ್ಟಿ ಹಿಡಿದು ಎತ್ತಿ ನಿಲ್ಲಿಸಿದರೆಂದು ಹೇಳುತ್ತಾರೆ. ಆಕೆ ಮುಂದೆ ಈಜು ಶಿಕ್ಷಕಿಯಾಗಿ ದೀರ್ಘಕಾಲ ಬಾಳಿದರು.

ಆಸ್ಟ್ರೇಲಿಯಾದಲ್ಲಿ ಅದಕ್ಕೆ ಮೊದಲೇ ಹಲಗೆಯ ಪ್ರಯತ್ನ ಮಾಡಿದ ಕೆಲವರಿದ್ದರೆಂದು ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಅಲ್ಲಿಗೆ ಸರ್ಫಿಂಗ್ ಅನ್ನು ಮೊಟ್ಟಮೊದಲು ತಂದವರು ಡ್ಯೂಕ್ ಎಂಬ ಮಾತು ಅಕ್ಷರಶಃ ಸರಿಯಲ್ಲ. ಆದರೆ ಒಂದು ದೇಶದ ಕಣ್ಣು ಅದರತ್ತ ತಿರುಗಿದ್ದು ಇವರಿಂದಲೇ. ಅಲ್ಲಿಂದ ನ್ಯೂಜಿಲೆಂಡಿಗೂ ಹೋಗಿ ಪ್ರದರ್ಶನ ನೀಡಿದರು. ಅಂದು ಬಳಸಿದ ಹಲಗೆಯನ್ನು ಫ್ರೆಶ್‌ವಾಟರ್‌ನ ಜೀವರಕ್ಷಕರ ಸಂಘದಲ್ಲಿ ಇಂದಿಗೂ ಕಾಪಾಡಿಕೊಂಡು ಬರಲಾಗಿದೆ.

ಕೊರೊನಾ ಡೆಲ್ ಮಾರ್ ದುರಂತ

1925ರ ಜೂನ್ 14ರ ಬೆಳಗ್ಗೆ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬಂದರಿನ ಬಾಯಲ್ಲಿ ಕಡಲು ಉಗ್ರವಾಗಿತ್ತು. ಅಂದಿನ ದಿನಗಳಲ್ಲಿ ಆ ಬಂದರಿನ ಪ್ರವೇಶದಲ್ಲಿ ಮರಳಿನ ದಿಬ್ಬವಿದ್ದು, ದೊಡ್ಡ ಅಲೆಗಳು ಬಂದಾಗ ಅಲ್ಲಿಯೇ ಮುರಿಯುತ್ತಿದ್ದವು. ದೋಣಿಗಳಿಗೆ ಅದು ಕುಖ್ಯಾತ ಸ್ಥಳ. ಥೆಲ್ಮಾ ಎಂಬ 40 ಅಡಿ ಉದ್ದದ ದೋಣಿ ಮೀನು ಹಿಡಿಯುವ ವಿಹಾರಕ್ಕೆ ಬಂದವರನ್ನು ತುಂಬಿಕೊಂಡು ಆ ಬಾಯನ್ನು ದಾಟಲು ಯತ್ನಿಸಿತು. ಅಲೆಗಳು ಒಂದರ ಮೇಲೊಂದು ಬಂದು ಅದನ್ನು ಮಗುಚಿದವು. ಉಡುಪು, ಬೂಟುಗಳ ಸಮೇತ ಜನ ನೀರಿಗೆ ಬಿದ್ದರು.

ಅನತಿ ದೂರದ ಕೊರೊನಾ ಡೆಲ್ ಮಾರ್ ತೀರದಲ್ಲಿ ಡ್ಯೂಕ್ ಮತ್ತು ಅವರ ಅಲೆಸವಾರ ಗೆಳೆಯರು ಅಂದು ಇದ್ದರು. ದೋಣಿಯ ಸ್ಥಿತಿಯನ್ನು ಕಂಡೊಡನೆ ಡ್ಯೂಕ್ ತಮ್ಮ ಹಲಗೆಯೊಡನೆ ನೀರಿಗೆ ನುಗ್ಗಿದರು. ಅಲೆಗಳನ್ನು ಎದುರಿಸಿ ಹೊರಗೆ ಹೋಗುವುದು ಒಂದು ಕಷ್ಟ. ಮುಳುಗುತ್ತಿರುವವರನ್ನು ಹಲಗೆಯ ಮೇಲೆ ಎಳೆದುಕೊಂಡು ಅದು ಮಗುಚದಂತೆ ದಡಕ್ಕೆ ತರುವುದು ಇನ್ನೊಂದು. ಭಯದಿಂದ ಕಂಗೆಟ್ಟವನು ರಕ್ಷಿಸಲು ಬಂದವನನ್ನೇ ಅಪ್ಪಿ ಮುಳುಗಿಸುವುದು ಸಾಮಾನ್ಯ. ಹಲಗೆ ಇಲ್ಲಿ ಉಪಯೋಗಕ್ಕೆ ಬಂದಿತು: ಹಿಡಿದುಕೊಳ್ಳಲು ಒಂದು ತೇಲುವ ವಸ್ತು ಸಿಕ್ಕೊಡನೆ ಮನುಷ್ಯ ರಕ್ಷಕನ ಕೊರಳನ್ನು ಬಿಡುತ್ತಾನೆ. ಒಂದು ಸಲ ದಡಕ್ಕೆ ತಂದು ಬಿಟ್ಟು ಡ್ಯೂಕ್ ಮತ್ತೆ ಹೊರಟರು, ಮತ್ತೆ ಬಂದರು, ಮತ್ತೆ ಹೊರಟರು. ಹೀಗೆ ಅವರೊಬ್ಬರೇ 8 ಮಂದಿಯನ್ನು ಬದುಕಿಸಿದರು. ಅವರ ಗೆಳೆಯರು ಇನ್ನೂ 4 ಮಂದಿಯನ್ನು ತಂದರು. 5 ಮಂದಿ ಯಾರ ಕೈಗೂ ಸಿಗದೆ ಪ್ರಾಣ ಬಿಟ್ಟರು.

ಪತ್ರಿಕೆಗಳು ಇದನ್ನು ದೇಶದಾದ್ಯಂತ ಪ್ರಕಟಿಸಿದವು. ಅಲ್ಲಿಯವರೆಗೆ ಕಡಲತೀರದ ಜೀವರಕ್ಷಕರು ಹಗ್ಗ ಮತ್ತು ದೋಣಿಗಳನ್ನು ನೆಚ್ಚಿದ್ದರು. ಹಗ್ಗವನ್ನು ಬಿಡಿಸಿ ಎಳೆದೊಯ್ಯಲು, ದೋಣಿಯನ್ನು ನೀರಿಗಿಳಿಸಲು ಹಲವರು ಬೇಕು, ಸಮಯವೂ ಬೇಕು. ಒಬ್ಬನೇ ಮನುಷ್ಯ ಹಲಗೆಯೊಂದಿಗೆ ಏನು ಮಾಡಬಹುದೆಂಬುದಕ್ಕೆ ಈ ಘಟನೆ ನಿದರ್ಶನವಾಯಿತು. ಮುಂದಿನ ವರ್ಷಗಳಲ್ಲಿ ಹಲಗೆಯು ಜೀವರಕ್ಷಕರ ಸಾಮಾನ್ಯ ಸಾಧನವಾಗಿ ಬಳಕೆಗೆ ಬಂದುದರಲ್ಲಿ ಇದರ ಪ್ರಭಾವ ದೊಡ್ಡದು. ಡ್ಯೂಕ್ ಅವರ ಐದು ಪದಕಗಳಿಗಿಂತ ಈ ಒಂದು ಬೆಳಗನ್ನು ಹೆಚ್ಚಿನದೆಂದು ಎಣಿಸುವವರಿದ್ದಾರೆ, ಮತ್ತು ಹಾಗೆ ಎಣಿಸುವುದು ಯುಕ್ತವಾಗಿಯೇ ಇದೆ.

ಜೀವನೋಪಾಯ

ಕೀರ್ತಿ ಎಷ್ಟಿದ್ದರೂ ಡ್ಯೂಕ್ ಅವರ ಕೈಯಲ್ಲಿ ಹಣ ನಿಲ್ಲಲಿಲ್ಲ. ಅಂದಿನ ಹವ್ಯಾಸಿ ಕ್ರೀಡಾ ನಿಯಮಗಳ ಪ್ರಕಾರ ಆಟದಿಂದ ಒಂದು ಕಾಸು ಪಡೆದರೂ ಒಲಿಂಪಿಕ್ ಅರ್ಹತೆ ಹೋಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅಲೆಸವಾರಿಯನ್ನು ಜನಪ್ರಿಯಗೊಳಿಸಿದ ಇನ್ನೊಬ್ಬ ಹವಾಯಿಗ ಜಾರ್ಜ್ ಫ್ರೀತ್ ಸಂಬಳ ಪಡೆಯುವ ಜೀವರಕ್ಷಕರಾಗಿದ್ದರೆಂಬ ಕಾರಣಕ್ಕೇ 1912ರ ಕೂಟಕ್ಕೆ ಅನರ್ಹರಾದರು. ಊರೂರು ತಿರುಗಿ ಸಾವಿರಾರು ಪ್ರೇಕ್ಷಕರ ಮುಂದೆ ಈಜಿದ ಡ್ಯೂಕ್ ಮನೆಗೆ ಮರಳಿದಾಗ ಮತ್ತೆ ಸಣ್ಣಪುಟ್ಟ ಕೆಲಸ ಹುಡುಕಬೇಕಾಗುತ್ತಿತ್ತು. ಅಮೆರಿಕದ ಮುಖ್ಯನಾಡಿನಲ್ಲಿ ಮೈಬಣ್ಣದ ಕಾರಣಕ್ಕೆ ಉಪಾಹಾರಗೃಹಗಳಲ್ಲಿ ಊಟ ನಿರಾಕರಿಸಲ್ಪಟ್ಟ ಅನುಭವವೂ ಅವರಿಗಾಗಿತ್ತು. ಅವರ ಸ್ವಭಾವ ಮಿತಭಾಷಿ. ಇಂಥವನ್ನು ಅವರು ಸಾರ್ವಜನಿಕವಾಗಿ ದೊಡ್ಡದು ಮಾಡಲಿಲ್ಲ.

1920ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿದ್ದು ಹಾಲಿವುಡ್‌ನ ಹಲವು ಚಿತ್ರಗಳಲ್ಲಿ ಚಿಕ್ಕ ಪಾತ್ರಗಳನ್ನು ಮಾಡಿದರು. ಬುಡಕಟ್ಟಿನ ನಾಯಕ ಮೊದಲಾದ ಪಾತ್ರಗಳಾಚೆ ಅವರಿಗೆ ಅಲ್ಲಿ ಸ್ಥಾನ ಸಿಗಲಿಲ್ಲ. ಹೊನೊಲುಲುವಿಗೆ ಹಿಂದಿರುಗಿ ಪೆಟ್ರೋಲ್ ಬಂಕ್ ನಡೆಸಿದರು. ಬಳಿಕ ನಗರದ ಷೆರೀಫ್ ಹುದ್ದೆಗೆ ಸ್ಪರ್ಧಿಸಿ 1930ರ ದಶಕದಿಂದ 1960ರ ದಶಕದ ಆರಂಭದವರೆಗೆ ಸತತವಾಗಿ 13 ಬಾರಿ ಚುನಾಯಿತರಾದರು. ಪೊಲೀಸ್ ಆಡಳಿತವನ್ನು ಅಷ್ಟರಲ್ಲಿ ಬೇರ್ಪಡಿಸಲಾಗಿದ್ದುದರಿಂದ ಆ ಹುದ್ದೆಯ ಅಧಿಕಾರ ಸೀಮಿತ. ಗಣ್ಯರನ್ನು ಸ್ವಾಗತಿಸುವುದು ಅದರ ದೊಡ್ಡ ಭಾಗವಾಯಿತು. 1940ರ ಆಗಸ್ಟ್ 2ರಂದು ನೃತ್ಯ ಶಿಕ್ಷಕಿ ನೆಡೀನ್ ಅಲೆಕ್ಸಾಂಡರ್ ಅವರನ್ನು ವಿವಾಹವಾದರು. ದಂಪತಿಗೆ ಮಕ್ಕಳಿರಲಿಲ್ಲ.

ಕೊನೆಯ ವರ್ಷಗಳು

1959ರಲ್ಲಿ ಹವಾಯಿ ಅಮೆರಿಕದ ಐವತ್ತನೆಯ ರಾಜ್ಯವಾಯಿತು. ಷೆರೀಫ್ ಹುದ್ದೆ ಮುಗಿದ ಮೇಲೆ ಡ್ಯೂಕ್ ಅವರನ್ನು ಅಧಿಕೃತ ಸ್ವಾಗತಕಾರರನ್ನಾಗಿ ನೇಮಿಸಲಾಯಿತು. 1960ರ ದಶಕದಲ್ಲಿ ಅವರ ಹೆಸರಿನ ಉಡುಪು, ಹಲಗೆ, ಉಪಾಹಾರಗೃಹಗಳು ಬಂದು, ಜೀವಮಾನದ ಕೊನೆಯಲ್ಲಿ ಒಂದಿಷ್ಟು ಆದಾಯ ಕಂಡರು. 1965ರಲ್ಲಿ ಅಂತರರಾಷ್ಟ್ರೀಯ ಈಜು ಕೀರ್ತಿಭವನಕ್ಕೆ ಸೇರ್ಪಡೆಯಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಒವಾಹುವಿನ ಉತ್ತರ ತೀರದ ಸನ್‌ಸೆಟ್ ಬೀಚ್‌ನಲ್ಲಿ ಅವರ ಹೆಸರಿನ ಆಹ್ವಾನಿತ ಸರ್ಫಿಂಗ್ ಸ್ಪರ್ಧೆ ಆರಂಭವಾಯಿತು. ಮೊದಲ ಪ್ರಶಸ್ತಿ ಹದಿಹರೆಯದ ಜೆಫ್ ಹ್ಯಾಕ್‌ಮನ್ ಪಾಲಾಯಿತು. ತಾವು ಬೇಸಿಗೆಯ ದಕ್ಷಿಣ ತೀರದಲ್ಲಿ ಬೆಳೆಸಿದ ಆಟವನ್ನು ಎಳೆಯರು ಚಳಿಗಾಲದ ಉತ್ತರ ತೀರದ ದೈತ್ಯ ಅಲೆಗಳ ಮೇಲೆ ಆಡುವುದನ್ನು ವೃದ್ಧ ಡ್ಯೂಕ್ ದಡದಲ್ಲಿ ಕುಳಿತು ನೋಡಿದರು.

1968ರ ಜನವರಿ 22ರಂದು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 77 ವರ್ಷ. ವೈಕಿಕಿಯ ಕಡಲತಡಿಯಲ್ಲಿ ಸಾವಿರಾರು ಜನ ಸೇರಿದರು. ದೋಣಿಗಳ ಸಾಲು ಹವಳದ ದಿಬ್ಬಗಳನ್ನು ದಾಟಿ ಹೋಗಿ ಅವರ ಚಿತಾಭಸ್ಮವನ್ನು ಕಡಲಿಗೆ ಅರ್ಪಿಸಿತು.

ಸ್ಮರಣೆ

ಜನ್ಮಶತಾಬ್ದಿಯ ದಿನ, 1990ರ ಆಗಸ್ಟ್ 24ರಂದು, ವೈಕಿಕಿಯ ಕುಹಿಯೊ ತೀರದಲ್ಲಿ ಅವರ ಕಂಚಿನ ಪ್ರತಿಮೆ ಸ್ಥಾಪನೆಯಾಯಿತು. ಪ್ರತಿಮೆ ಕಡಲಿಗೆ ಬೆನ್ನು ಮಾಡಿ ರಸ್ತೆಯತ್ತ ನೋಡುವಂತೆ ನಿಂತಿದೆ. ಕಡಲನ್ನು ಬಲ್ಲವನು ಎಂದಿಗೂ ಅದಕ್ಕೆ ಬೆನ್ನು ತಿರುಗಿಸುವುದಿಲ್ಲವೆಂದು ಸ್ಥಳೀಯ ಅಲೆಸವಾರರು ಇದನ್ನು ಆಕ್ಷೇಪಿಸಿದರು. 1994ರಲ್ಲಿ ಫ್ರೆಶ್‌ವಾಟರ್‌ನ ಬಂಡೆಯ ಮೇಲೆ ನಿಲ್ಲಿಸಿದ ಪ್ರತಿಮೆಯಲ್ಲಿ ಅವರು ಅಲೆಯ ಮೇಲೆ ಸವಾರಿ ಮಾಡುತ್ತಿದ್ದಾರೆ. 2002ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಸರ್ಫಿಂಗ್ ಕೊನೆಗೂ ಒಲಿಂಪಿಕ್ ಸ್ಪರ್ಧೆಯಾದದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ.

ಕರ್ನಾಟಕದ ಕರಾವಳಿಯಲ್ಲಿ

ಕರ್ನಾಟಕದಲ್ಲಿ ಈ ಕ್ರೀಡೆಗೆ ನೆಲೆ ಒದಗಿದ್ದು ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ. ಶಾಂಭವಿ ನದಿ ಕಡಲು ಸೇರುವ ಆ ಪ್ರದೇಶದಲ್ಲಿ ಅಮೆರಿಕ ಮೂಲದ ಸಂನ್ಯಾಸಿ ಜ್ಯಾಕ್ ಹೆಬ್ನರ್ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. 2016ರಲ್ಲಿ ಸಮೀಪದ ಸಸಿಹಿತ್ಲು ತೀರದಲ್ಲಿ ರಾಷ್ಟ್ರಮಟ್ಟದ ಮುಕ್ತ ಸರ್ಫಿಂಗ್ ಸ್ಪರ್ಧೆ ನಡೆಯಿತು. ಹವಾಯಿಯಂತೆ ಇಲ್ಲಿಯೂ ಕಡಲಿಗೆ ಋತುಗಳಿವೆ. ಜೂನ್‌ನಿಂದ ಮುಂಗಾರಿನ ಗಾಳಿ ಅರಬ್ಬೀ ಸಮುದ್ರವನ್ನು ಕದಡುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಮಳೆ ಹಿಂದೆ ಸರಿದು ಕಡಲು ತಿಳಿಯಾದ ಮೇಲೆ ಹಲಗೆ ಹಿಡಿದ ಹೊಸಬರು ಚಿಕ್ಕ ಅಲೆಗಳ ಮೇಲೆ ಕಲಿಕೆ ಆರಂಭಿಸುತ್ತಾರೆ. ಅವರಲ್ಲಿ ಅಲ್ಲಿಯ ಮೀನುಗಾರ ಕುಟುಂಬಗಳ ಮಕ್ಕಳೂ ಇದ್ದಾರೆ.